ಗೇಟು ತೆಗೆಸಿದ ಮೇಷ್ಟ್ರು

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಅವರಿಗೆ ಬೆವರು ಕಿತ್ತುಕೊಳ್ಳುತ್ತದೆ. ಪೇಪರಿನಲ್ಲಿ ನಮ್ಮ ಹೈಸ್ಕೂಲಿನ ಬಗ್ಗೆ ನಾಲ್ಕು ಒಳ್ಳೆಯ ಸಾಲು ಬಂದಾಗಲೂ ಅವರು ಮೊದಲು ಕೇಳಿದ್ದು, "ನನ್ ಹೆಸ್ರು ಗಿಸ್ರು ಬಂದದಾ ನೋಡಮ್ಮಿ" ಎಂದು. ಬಂದಿಲ್ಲ ಎಂದ ಮೇಲೆ ಉಸಿರು ಬಿಟ್ಟು ಟೀ ಕುಡಿದರು. ಹಾಗಾಗಿ ಇಲ್ಲಿ ಅವರು ಮೇಷ್ಟ್ರು, ಅಷ್ಟೇ. ನಮ್ಮೂರ ಹೆಡ್ಮಾಸ್ಟ್ರು. ಊರಿನ ಹೆಸರನ್ನೂ ಬಿಟ್ಟಿದ್ದೇನೆ. ಚಂದಕವಾಡಿ ಕಡೆಯದು ಎಂದರೆ ಸಾಕು.

ತೀರಿಕೊಂಡ ಸುದ್ದಿ ಬಂದಾಗ ನಾನು ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗುವ ಬಸ್ಸಿನಲ್ಲಿದ್ದೆ. ಹಳೇ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಯಾರೋ ಅವರ ಫೋಟೋ ಹಾಕಿ ಕೆಳಗೆ ಕೈಮುಗಿದಿದ್ದರು. ಸೂಪರ್‌ವೈಸರ್ ಹತ್ತಿರ ಅರ್ಧ ದಿನದ ರಜೆಗೆ ಜಗಳವಾಡಿ ಗುಂಡ್ಲುಪೇಟೆ ಬಸ್ಸು ಹಿಡಿದೆ. ಅವರ ಮನೆ ಮುಂದೆ ಶಾಮಿಯಾನ, ಕುರ್ಚಿಗಳ ತುಂಬ ನೆಂಟರು. ಅವರ ಹೆಂಡತಿ ನನ್ನ ಕೈಹಿಡಿದುಕೊಂಡು, "ಮನೇಲಿ ಹಲ್ಲಿ ಲೊಚಗುಟ್ಟಿದ್ರೂ ಹೆದರ್ಕೊಳ್ಳೋರು ಕಣವ್ವ. ಇಂಥ ಮನುಷ್ಯ ಅದೆಂಗೆ ಒಂದ್ ಇಸ್ಕೂಲ್ ನಡೆಸಿದ್ರೋ, ನಂಗೊಂದೂ ತಿಳೀನಿಲ್ಲ" ಎಂದರು. ಹೇಳಬೇಕೆಂದು ಬಾಯಿ ತನಕ ಬಂತು. ಅಷ್ಟು ಜನರ ನಡುವೆ ಆ ಮಾತು ಎತ್ತುವುದು ಹೇಗೆ ಎಂದು ಸುಮ್ಮನಾದೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ನನ್ನ ಮೇಲೇ ನನಗೆ ಸಿಟ್ಟು ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆದರುಪುಕ್ಕಲ ಎಂದರೆ ಅವರಿಗೆ ಅನ್ಯಾಯವಾಗುತ್ತದೆ, ಆದರೆ ಬೇರೆ ಪದ ಸಿಗುವುದಿಲ್ಲ. ಇನ್‌ಸ್ಪೆಕ್ಷನ್ನಿಗೆ ಹೆದರುತ್ತಿದ್ದರು, ಪಂಚಾಯ್ತಿ ಮೆಂಬರಿಗೆ ಹೆದರುತ್ತಿದ್ದರು, ಬಿಸಿಯೂಟದ ಸಾರಿಗೆ ಹೆದರುತ್ತಿದ್ದರು. ಬಿರುಬೇಸಿಗೆಯಲ್ಲೂ ಕೈಯಲ್ಲಿ ಕೊಡೆ. ಏನಾದರೂ ಕೇಳಿದರೆ ಅಂಗಿಯ ಎರಡನೇ ಗುಂಡಿಯನ್ನು ತಿರುಚುತ್ತಾ "ನೋಡನ ತಡಿ" ಎನ್ನುವರು. ಆ ಗುಂಡಿ ಯಾವಾಗಲೂ ಒಂದೆಳೆ ದಾರದಲ್ಲಿ ನೇತಾಡುತ್ತಿತ್ತು. ನಾವು ಹುಡುಗಿಯರು ಹಿಂದಿನಿಂದ ಅವರನ್ನು "ನೋಡನ ಮೇಷ್ಟ್ರು" ಎಂದೇ ಕರೆಯುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು.

ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು. ವಿಜ್ಞಾನ ಅವರದು. ಹೂವಿನ ಪಾಠ ಬಂದರೆ ಬೇರೆಯೇ ಮನುಷ್ಯ. ಓಣಂ ಹೊತ್ತಿಗೆ ಗುಂಡ್ಲುಪೇಟೆಯ ಹೊಲಗಳಲ್ಲಿ ಕೇರಳದ ವ್ಯಾಪಾರಿಗಳು ಚೆಂಡು ಹೂವಿಗೆ ಮುಗಿಬೀಳುವ ದಿನಗಳಲ್ಲಿ ಚೀಲದ ತುಂಬ ಹೂ ತಂದು ನಮ್ಮ ಬೆಂಚಿನ ಮೇಲೆ ಸುರಿಯುತ್ತಿದ್ದರು. ದಾಸವಾಳವನ್ನು ಬ್ಲೇಡಿನಲ್ಲಿ ಸೀಳಿ, ಇದು ಕೇಸರ, ಇದು ಶಲಾಕೆ, ಇದು ಅಂಡಾಶಯ ಎಂದು ಒಂದೊಂದನ್ನೂ ನಮ್ಮ ಅಂಗೈ ಮೇಲೆ ಇಡುತ್ತಿದ್ದರು. ಅದೇ ಮನುಷ್ಯ, ಪುಸ್ತಕದಲ್ಲಿ ಹೂ ಮುಗಿದು ಮನುಷ್ಯರ ಸರದಿ ಬಂದ ಕೂಡಲೇ ಪುಸ್ತಕ ಮಡಿಚಿದರು. "ಮುಂದಿಂದು ನೀವೇ ಓದ್ಕಳಿ. ಪರೀಕ್ಷೇಲಿ ಬಂದ್ರೆ ಬರೀರಿ, ಬರದಿದ್ರೆ ನಿಮ್ ಪುಣ್ಯ." ಹುಡುಗರು ಕಿಸಿಕಿಸಿ ನಕ್ಕರು. ನಾವು ತಲೆ ಬಗ್ಗಿಸಿ ಕೂತೆವು.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದ ಆ ವರ್ಷ ಚಾಮರಾಜನಗರದಲ್ಲಿ ನಡೆದ ವಿಜ್ಞಾನ ಮೇಳದಲ್ಲಿ ಒಬ್ಬ ಡಾಕ್ಟ್ರಮ್ಮ ಹುಡುಗಿಯರನ್ನೆಲ್ಲ ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು ಮುಟ್ಟಿನ ವಿಚಾರ ಹೇಳಿದರು. ಎಲ್ಲ ತಿಳಿದವಳಂತೆ ಮೆರೆಯುತ್ತಿದ್ದ ನನಗೆ ಅದರಲ್ಲಿ ಅರ್ಧ ಗೊತ್ತಿರಲಿಲ್ಲ. ನನ್ನ ಪಕ್ಕ ಕೂತಿದ್ದವಳು ನಾಗಮಣಿ. ನಮ್ಮದು ಒಂದೇ ಬೀದಿ, ಒಂದೇ ಬೆಂಚು. ಮಾತು ಕಡಿಮೆ, ಲೆಕ್ಕದಲ್ಲಿ ನಮಗೆಲ್ಲ ಅವಳೇ ಮೇಷ್ಟ್ರು. ಬಸ್ಸಿನಲ್ಲಿ ಬರುವಾಗ ಅವಳು, "ನಮ್ಗೆ ಈಗ ಗೊತ್ತಾಯ್ತು. ಎಂಟ್ನೇ ಕ್ಲಾಸ್ ಐಕಳ್ಗೆ ಯಾರ್ ಯೋಳರು?" ಎಂದಳು. ಶುರುವಾದದ್ದು ಅಲ್ಲಿಂದ.

ಹತ್ತನೇ ಕ್ಲಾಸಿಗೆ ಬಂದ ಮೊದಲ ವಾರವೇ ನಾವು ನಾಲ್ಕೈದು ಹುಡುಗಿಯರು ಮೇಷ್ಟ್ರ ರೂಮಿಗೆ ಹೋದೆವು. ಮಾತಾಡುವ ಕೆಲಸ ನನ್ನದು.

"ಸಾ, ಶನಿವಾರ ಚಿಕ್ಕ ಕ್ಲಾಸ್ ಹುಡ್ಗೀರ್ಗೆ ನಾವು ಒಂದ್ ಪಾಠ ಮಾಡ್ತೀವಿ."

"ಯಾವ ಪಾಠ?"

"ನೀವು ಮಾಡ್ದೆ ಬುಟ್ರಲ್ಲ, ಅದು."

ಗುಂಡಿಗೆ ಕೈ ಹೋಯಿತು. "ನೋಡನ ತಡಿ" ಎಂದರು. ನಾವು ಕದಲಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಬಾಗ್ಲು ಹಾಕ್ಕಂಡು ಮಾಡಿ" ಎಂದರು. ನಾವು ಹೊರಗೆ ಬರುವಷ್ಟರಲ್ಲಿ ಹಿಂದೆಯೇ ಬಂದು, "ಬ್ಯಾಡ, ಬಾಗ್ಲು ಹಾಕುದ್ರೆ ಒಳಗೇನ್ ನಡೀತದೆ ಅಂತಾರೆ, ತೆಗ್ದೇ ಮಾಡಿ" ಎಂದರು. ಜಗಲಿ ಇಳಿಯುವಾಗ ಮತ್ತೆ ಕೂಗಿ, "ಅರ್ಧ ತೆಗ್ದು ಮಾಡ್ರಮ್ಮಿ" ಎಂದರು.

ಅರ್ಧ ತೆಗೆದ ಬಾಗಿಲಿನ ಹೊರಗೆ ಅವರೇ ಕಾವಲು. ನಮಗೆ ಬೆನ್ನು ಮಾಡಿಕೊಂಡು ಹೂವಿನ ಪಾತಿಯಲ್ಲಿ ಕಳೆ ಕೀಳುವರು. ಇಲ್ಲದ ಕಳೆಯನ್ನೂ ಕೀಳುವರು. ಒಂದು ಶನಿವಾರ ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಧೈರ್ಯವಾಗಿ ಏನೇನೋ ಹೇಳುತ್ತಿದ್ದೆ. ಹೊರಗಿನಿಂದ ದನಿ ಬಂತು: "ಅದು ಗರ್ಭಕೋಶ ಕಣಮ್ಮಿ, ಅಂಡಾಶಯ ಅಲ್ಲ." ನೋಡಿದರೆ ಮೇಷ್ಟ್ರು ಈ ಕಡೆ ತಿರುಗಿಯೇ ಇಲ್ಲ. ಕೈಯಲ್ಲಿ ಗರಿಕೆ, ಕಿವಿ ಕೆಂಪಗಾಗಿದೆ. ಆಮೇಲೆ ಆಗಾಗ ಹೊರಗಿನಿಂದ ತಿದ್ದುಪಡಿ ಬರುತ್ತಿತ್ತು. ಆ ಪಾಠವನ್ನು ಅವರು ಕೊನೆಗೂ ಮಾಡಿದ್ದು ಹಾಗೆ, ಗಿಡದ ಕಡೆ ಮುಖ ಮಾಡಿಕೊಂಡು.

ಆ ಪಾಠದಲ್ಲೇ ಇನ್ನೊಂದು ವಿಷಯ ಬಯಲಾಯಿತು. ತಿಂಗಳು ತಿಂಗಳೂ ಯಾಕೆ ಶಾಲೆ ತಪ್ಪಿಸುತ್ತೀರಿ ಎಂದು ಚಿಕ್ಕ ಹುಡುಗಿಯರನ್ನು ಕೇಳಿದೆವು. ಎಲ್ಲರದ್ದೂ ಒಂದೇ ಉತ್ತರ, ಹೊಟ್ಟೆನೋವು. ಕೇಳಿ ಕೇಳಿ ಸಾಕಾಗಿ ನಾಗಮಣಿ ಎದ್ದು ನಿಂತಳು. "ನಾನೂ ತಪ್ಪಿಸ್ತೀನಿ. ನಂಗೆ ಯಾವ ಹೊಟ್ಟೆನೋವೂ ಇಲ್ಲ. ಗುಡಿ ಮುಂದೆ ಬರಂಗಿಲ್ಲ, ಅದಕ್ಕೆ ಬರಲ್ಲ" ಎಂದಳು. ಆಮೇಲೆ ಒಬ್ಬೊಬ್ಬಳೇ, ನಂದೂ ಅದೇ, ನಂದೂ ಅದೇ ಎಂದರು. ಕೊನೆಗೆ ನಾನೂ ಎಂದೆ.

ನಮ್ಮ ಶಾಲೆಯ ಗೇಟು ಮಾರಮ್ಮನ ಗುಡಿಗೆ ನೇರ ಎದುರು. ನಡುವೆ ಒಂದು ಗಾಡಿ ಹೋಗುವಷ್ಟು ರಸ್ತೆ. ಊರಿನಿಂದ ಶಾಲೆಗೆ ಬರಬೇಕಾದರೆ ಆ ರಸ್ತೆಯಲ್ಲಿ, ಅಮ್ಮನ ಕಣ್ಣೆದುರಿಗೇ ಬರಬೇಕು. ಹೊರಗಾದವರು ಗುಡಿ ಮುಂದೆ ಹಾಯಬಾರದು. ಹಾಗೆಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಎಲ್ಲರಿಗೂ ಗೊತ್ತಿರುವುದು. ಚಿಕ್ಕ ಕ್ಲಾಸಿನವರಿಗೆ ಪಾಠ ಹೋಗುತ್ತಿತ್ತು, ಅಷ್ಟೇ. ಹತ್ತನೇ ಕ್ಲಾಸಿನ ನಮಗೆ ಹಾಗಲ್ಲ, ನಾಗಮಣಿಗಂತೂ ಅಲ್ಲವೇ ಅಲ್ಲ. ಹಾಜರಿ ಕಡಿಮೆಯಾದರೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಗೆ ಕೂರದಿದ್ದರೆ ತಾಳವಾಡಿಯಲ್ಲಿ ಅವಳ ಸೋದರಮಾವ ತಯಾರಾಗಿ ಕೂತಿದ್ದ. ಅವನಿಗೆ ಹೆಣ್ಣು ಕೊಡುವ ಮಾತು ಅವಳು ತೊಟ್ಟಿಲಲ್ಲಿದ್ದಾಗಲೇ ಆಗಿತ್ತಂತೆ. ಅವಳಿಗೆ ಡಿಪ್ಲೊಮಾ ಓದುವ ಆಸೆ. ಅವಳ ಅಪ್ಪನೂ ಕೆಟ್ಟವನಲ್ಲ. ಅರಿಶಿನ, ಬಾಳೆ ಬೆಳೆದು ಮರ್ಯಾದೆಯಿಂದ ಬದುಕುವ ಮನುಷ್ಯ. "ಪಾಸಾದ್ರೆ ಓದ್ಲಿ, ಇಲ್ದಿದ್ರೆ ಮದ್ವೆ" ಎಂದು ಒಂದು ಗೆರೆ ಎಳೆದಿದ್ದ.

ನಾವು ಮೇಷ್ಟ್ರ ಹತ್ತಿರ ಹೋಗಿ, ಹಾಜರಿ ಒಂಚೂರು ನೋಡಿಕೊಳ್ಳಿ ಎಂದೆವು. "ಅಯ್ಯಪ್ಪ, ಅದೊಂದ್ ಕೇಳ್ಬ್ಯಾಡಿ" ಎಂದು ಎದ್ದೇಬಿಟ್ಟರು. ಆಮೇಲೆ ಎರಡು ದಿನ ಮಂಕಾಗಿ ಓಡಾಡಿದರು. ಮೂರನೇ ದಿನ ಶಾಲೆಯ ಹಿಂದುಗಡೆ ಕಿರ್ರೆಂಬ ಸದ್ದು. ಹೋಗಿ ನೋಡಿದರೆ, ಕೆರೆ ಏರಿಯ ಕೆಳಗಿನ ಗದ್ದೆಗಳ ಕಡೆ ಇರುವ, ಯಾವ ಕಾಲದಲ್ಲೋ ತುಕ್ಕು ಹಿಡಿದು ಕೂತಿದ್ದ ಗೇಟನ್ನು ಎಣ್ಣೆ ಹಾಕಿಸಿ ತೆಗೆಸುತ್ತಿದ್ದಾರೆ. ಮುಖ ಅರಳಿತ್ತು. "ಆ ದಿನಗಳಲ್ಲಿ ಏರಿ ಕೆಳಗೆ ಸುತ್ತಿ ಇಲ್ಲಿಂದ ಬನ್ನಿ. ಗುಡಿಯೋರ್ಗೂ ತೊಂದ್ರೆ ಇಲ್ಲ, ನಿಮ್ಗೂ ಇಲ್ಲ, ನಂಗೂ ಇಲ್ಲ." ನಾವು ಚಪ್ಪಾಳೆ ಹೊಡೆದೆವು. ನಾಗಮಣಿಯಂತೂ ಅವರ ಕಾಲಿಗೆ ಬೀಳುವುದೊಂದು ಬಾಕಿ.

ಗೇಟಿಗೆ ಕಣ್ಣು ಮೂಡಲು ಬಹಳ ದಿನ ಬೇಕಾಗಲಿಲ್ಲ. ಹಿಂದಿನಿಂದ ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂಬುದು ಹುಡುಗರಿಗೆ ಗೊತ್ತಾಗಿಹೋಯಿತು. ಬೆಲ್ಲಿಗೆ ಮುಂಚೆ ಅಲ್ಲಿನ ಹುಣಸೇಮರದ ಕೆಳಗೆ ಹಾಜರಿ ಹಾಕಿಸಿಕೊಳ್ಳತೊಡಗಿದರು. "ಯಾರ್ಲಾ ಇವತ್ತು ಗೇಟು?" ಎಂದು ಒಬ್ಬ, "ಆ ಮೂರ್ನೇ ಬೆಂಚಿಂದು ಕಣ್ಲಾ" ಎಂದು ಇನ್ನೊಬ್ಬ. ಮನೆಯಲ್ಲಿ ಹೊರಗಾಗುವುದು ಎನ್ನುತ್ತಿದ್ದುದಕ್ಕೆ ಊರಿನಲ್ಲಿ ಹೊಸ ಹೆಸರು ಬಂತು, ಗೇಟು. "ಅವ್ಳು ಇವತ್ತು ಗೇಟು." ಶಾಲೆ ತಪ್ಪಿಸಿದರೆ ಹೊಟ್ಟೆನೋವು ಎಂದಾದರೂ ಹೇಳಬಹುದಿತ್ತು. ಗೇಟಿನಲ್ಲಿ ಬಂದರೆ ಹೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಚಿಕ್ಕ ಹುಡುಗಿಯರು ಬರುವುದನ್ನೇ ಬಿಟ್ಟರು. ನಾಗಮಣಿ ಹಲ್ಲು ಕಚ್ಚಿಕೊಂಡು ಬರುತ್ತಿದ್ದಳು. ಒಂದು ದಿನ ಟೀ ಅಂಗಡಿಯಲ್ಲಿ ಯಾವನೋ ಪೋಲಿ ಅವಳ ಅಪ್ಪನ ಬೆನ್ನ ಹಿಂದೆ ಆ ಮಾತು ಆಡಿದ. ಅಪ್ಪನ ಕಿವಿಗೆ ಬಿತ್ತು. ಮಾರನೆಯ ದಿನದಿಂದ ನಾಗಮಣಿ ಶಾಲೆಗೆ ಬರಲಿಲ್ಲ, ಮುಟ್ಟಾದಾಗಲೂ ಇಲ್ಲ, ಆಗದಿದ್ದಾಗಲೂ ಇಲ್ಲ.

ನಾನು ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. "ತಾಳವಾಡಿಗೆ ಫೋನ್ ಮಾಡವ್ರೆ" ಎಂದಳು. ಕಣ್ಣಲ್ಲಿ ನೀರಿರಲಿಲ್ಲ. ನನಗೆ ಅದೇ ಭಯವಾಯಿತು.

ಮೇಷ್ಟ್ರಿಗೆ ಹೇಳಿದಾಗ ಕುರ್ಚಿಯಲ್ಲಿ ಕುಸಿದು ಕೂತರು. "ಒಳ್ಳೇದಾಗ್ಲಿ ಅಂತ ಮಾಡ್ದೆ ಕಣಮ್ಮಿ." ನನಗೆ ಕರುಣೆ ಬರಲಿಲ್ಲ, ಸಿಟ್ಟು ಬಂತು. ಚಿಕ್ಕ ಹುಡುಗಿಯರಿಗೆ ಪಾಠ ಮಾಡಿ ಸುಖವಿಲ್ಲ, ಅಪ್ಪ ಅವ್ವಂದಿರನ್ನೇ ಕರೆಸಿ, ಅವರ ಮುಂದೆ ನಾವೇ ಮಾತಾಡುತ್ತೇವೆ ಎಂದೆವು. ನೋಡನ ಎನ್ನಲಿಲ್ಲ. ನೋಟೀಸು ಬರೆಯಲು ಕೂತರು. ಮುಟ್ಟು ಅಂತ ಬರೀರಿ ಸಾ ಎಂದೆ. "ಊರಿಗೆ ಕಳಿಸೋ ಕಾಗದದಲ್ಲಿ ಬರೆಯೋ ಪದನೇನಮ್ಮಿ ಅದು?" ಎಂದು ಗದರಿ, ಬಹಳ ಯೋಚಿಸಿ, ದುಂಡಗೆ ಬರೆದರು: ಋತುಚಕ್ರ ಮಾಹಿತಿ ಸಭೆ, ಪೋಷಕರು ತಪ್ಪದೆ ಬರಬೇಕು. ಬರೆದು ದೂರ ಹಿಡಿದು ನೋಡಿ ತೃಪ್ತಿಪಟ್ಟರು.

ಅದು ಹೋದದ್ದು ನೀರುಗಂಟಿಯ ಕೈಗೆ. ನಮ್ಮೂರಲ್ಲಿ ನಲ್ಲಿ ಬಿಡುವವನೂ ಅವನೇ, ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರುವವನೂ ಅವನೇ. ಋತು ಎಂದು ಓದಿದ. ಉಳಿದದ್ದನ್ನು ತನ್ನ ತಲೆಯಿಂದ ಸೇರಿಸಿದ. "ರೈತ ಬಾಂಧವ್ರೇ, ಹಿಂಗಾರು ಋತು ಎಂಗಾದದು, ಅಸ್ತೆ ಮಳೆ ಬತ್ತದಾ ಇಲ್ವಾ, ಉರುಳಿ ಬೀಜ ಯಾವಾಗ ಕೊಡ್ತಾರೆ, ಎಲ್ಲಾನೂವಿ ಇಸ್ಕೂಲಲ್ಲಿ ಮಾಹಿತಿ ಕೊಟ್ಟಾರು, ಎಲ್ರೂ ಬನ್ನಿ."

ಸಭೆಯ ದಿನ ಸಂಜೆ ಶಾಲೆಯ ಅಂಗಳ ತುಂಬಿತು. ಅಷ್ಟು ಜನರನ್ನು ಅಲ್ಲಿ ನಾನು ಸ್ವಾತಂತ್ರ್ಯ ದಿನಾಚರಣೆಯಲ್ಲೂ ನೋಡಿರಲಿಲ್ಲ. ಎಲ್ಲರೂ ಗಂಡಸರು. ಹೆಗಲ ಮೇಲೆ ಟವಲು, ಬೀಜಕ್ಕೆಂದು ಕೆಲವರ ಕಂಕುಳಲ್ಲಿ ಮಡಿಚಿದ ಚೀಲ. ಮಳೆ ವಿಚಾರ ಗಂಡಸರದು ಎಂದು ಒಬ್ಬ ತಾಯಿಯೂ ಬಂದಿರಲಿಲ್ಲ. ಮುಂದಿನ ಸಾಲಿನಲ್ಲಿ ಮಾರಮ್ಮನ ಪೂಜಾರಪ್ಪ, ಅವರ ಪಕ್ಕ ನಾಗಮಣಿಯ ಅಪ್ಪ. ನಮ್ಮ ಕೈಯಲ್ಲಿ ಸುತ್ತಿದ ಚಾರ್ಟು, ಅದರೊಳಗೆ ಗರ್ಭಕೋಶದ ಚಿತ್ರ.

"ಇವತ್ತು ಬ್ಯಾಡ ಕಣಮ್ಮಿ" ಎಂದು ಮೇಷ್ಟ್ರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಮಳೆ ವಿಚಾರನೇ ಏನಾದ್ರೂ ಹೇಳಿ ಕಳಿಸ್ಬುಡನ." ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತು ಮಳೆ ಶುರುಮಾಡಿಯೇಬಿಟ್ಟರು. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಒಕ್ಕಲು ಮನೆಯ ಮಗ ಅವರು, ಯಾವ ಮಳೆಗೆ ಯಾವ ಬಿತ್ತನೆ ಎಂದು ಚೆನ್ನಾಗಿಯೇ ಹೇಳುತ್ತಿದ್ದರು. ಗಂಡಸರು ತಲೆದೂಗಿದರು. ನಾವು ಹುಡುಗಿಯರು ಗೋಡೆಗೆ ಒರಗಿ ನಿಂತು ಅವರನ್ನು ನುಂಗುವಂತೆ ನೋಡುತ್ತಿದ್ದೆವು. ಸಭೆ ಹೀಗೇ ಮುಗಿದುಹೋಗುತ್ತದೆ, ನಾಗಮಣಿಯದೂ ಮುಗಿಯಿತು ಎಂದುಕೊಂಡೆ.

ಆಗ ನಾಗಮಣಿಯ ಅಪ್ಪ ಎದ್ದ.

"ಸಾ, ಮಳೆ ಇಚಾರ ಆಯ್ತು. ಒಂದ್ ಮಾತು ಕೇಳ್ಬೇಕು. ಇಂದ್ಲ ಗೇಟು ಯಾಕ್ ತೆಗೆಸಿದ್ರಿ?"

"ಅದು... ಮಕ್ಕಳ ಅನುಕೂಲಕ್ಕೆ..."

"ಯಾವ ಅನುಕೂಲ ಸಾ? ಟೀ ಅಂಗ್ಡೀಲಿ ನನ್ ಮಗಳ ಮೈ ಸುದ್ದಿ ಆಡ್ಕಂಡು ನಗ್ತಾ ಅವ್ರೆ. ಎತ್ತ ಅಪ್ಪ ನಾನು, ನಂಗೇ ಗೊತ್ತಿಲ್ದೆ ಇರೋ ದಿಸವ ಊರೆಲ್ಲ ಎಣಿಸೋ ಅಂಗೆ ಮಾಡ್ಬುಟ್ರಲ್ಲ." ದನಿ ಏರಿರಲಿಲ್ಲ.

ಮೇಷ್ಟ್ರ ಬೆರಳು ಗುಂಡಿಯನ್ನು ತಿರುಚುತ್ತಲೇ ಇತ್ತು. ದಾರ ಹರಿದು ಗುಂಡಿ ಕೆಳಗೆ ಬಿತ್ತು. ಅವರು ಬಗ್ಗಿ ಎತ್ತಿಕೊಳ್ಳಲಿಲ್ಲ. ಹಿಡಿದುಕೊಳ್ಳಲು ಏನೂ ಇಲ್ಲದ ಕೈಯನ್ನು ಕೆಳಗೆ ಬಿಟ್ಟು ಮಾತಾಡಿದರು.

"ತಪ್ಪು ನಂದು. ನೋಟೀಸಲ್ಲಿ ಋತುಚಕ್ರ ಅಂತ ಬರೆದೆ, ನಿಮ್ಗೆ ಮಳೆ ಅಂತ ಅರ್ಥ ಆಯ್ತು. ಮುಟ್ಟು ಅಂತ ಬರೀಬೇಕಾಗಿತ್ತು. ಹೆದರ್ಕಂಡೆ. ಈ ಸಭೆ ಕರೆದಿದ್ದು ಮುಟ್ಟಿನ ವಿಚಾರಕ್ಕೆ."

ಯಾರೋ ಹಿಂದಿನಿಂದ "ಥೂ" ಎಂದರು. ಕೆಲವರು ಎದ್ದು ಹೋದರು. ಮೇಷ್ಟ್ರು ನಿಲ್ಲಿಸಲಿಲ್ಲ.

"ಗೇಟು ತೆಗೆಸಿದ್ದೂ ಅದೇ ಹೆದರಿಕೆಗೆ. ಆ ಪದ ಬಾಯಲ್ಲಿ ಹೇಳೋಕಾಗ್ದೆ ಗೋಡೇಲಿ ದಾರಿ ಮಾಡಿದೆ. ನಾಳೆ ಅದಕ್ಕೆ ಬೀಗ ಬೀಳ್ತದೆ."

"ಬೀಗ ಆಕುದ್ರೆ ಎಣ್ಣು ಐಕಳು ಎಲ್ಲಿಂದ ಬರ್ಬೇಕು?" ಎಂದರು ಪೂಜಾರಪ್ಪ.

"ಮುಂದ್ಲಿಂದ."

"ಎಲ್ಲಾ ದಿಸನೂವಾ?"

"ಎಲ್ಲಾ ದಿನನೂ." ಅಷ್ಟು ಹೇಳಿ ನಮ್ಮ ಕಡೆ ತಿರುಗಿದರು. "ಯಾಕೆ ಅಂತ ನಮ್ ಮಕ್ಕಳು ಹೇಳ್ತವೆ. ನಂಗೆ ಬರಲ್ಲ, ಅವಕ್ಕೆ ಬರ್ತದೆ."

ನಾನು ಚಾರ್ಟು ಬಿಚ್ಚಿದೆ. ಅದು ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು, ಇಬ್ಬರು ಗೆಳತಿಯರು ತುದಿ ಹಿಡಿದರು. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಮೊದಲ ಎರಡು ಮಾತು ನನಗೇ ಕೇಳಿಸಲಿಲ್ಲ. ಒಬ್ಬ ತಾತ ಕೈಯೆತ್ತಿ, "ಅದು ಕೆಟ್ಟ ರಗ್ತ ಅಲ್ವಾ ಮಗಾ?" ಎಂದು ಕೇಳಿದ್ದು ನೆನಪಿದೆ. ಕುಹಕವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. "ಅಲ್ಲ ತಾತ. ಮಗು ಬಂದ್ರೆ ಇರ್ಲಿ ಅಂತ ಒಳಗೆ ಹಾಸಿರೋ ಹಾಸಿಗೆ ಅದು. ಆ ತಿಂಗಳು ಮಗು ಬರ್ನಿಲ್ಲ ಅಂದ್ರೆ ಕಳಚ್ಕಂಡು ಹೊರಗೆ ಬತ್ತದೆ. ನೀನೂ ನಾನೂ ಅದ್ರ ಮೇಲೇ ಮಲಗಿದ್ದು ಬಂದಿರೋದು" ಎಂದೆ. ತಾತ ನೆಲ ನೋಡಿದ. ಯಾರೂ ನಗಲಿಲ್ಲ.

ಕೊನೆಯಲ್ಲಿ ಪೂಜಾರಪ್ಪ ನಿಧಾನಕ್ಕೆ ಎದ್ದರು. "ನೀವು ಓದಿರೋರು, ಯೋಳ್ತೀರಿ. ನಾಳೆ ಊರಿಗೆ ಏನಾರ ಎಚ್ಚುಕಮ್ಮಿ ಆದ್ರೆ ಯಾರ್ ಒಣೆ?"

ಅದಕ್ಕೆ ಚಾರ್ಟಿನಲ್ಲಿ ಉತ್ತರ ಇರಲಿಲ್ಲ.

"ನಾನು" ಎಂದರು ಮೇಷ್ಟ್ರು. "ದನ ಸತ್ರೆ, ಮಗೂಗೆ ಜ್ವರ ಬಂದ್ರೆ, ಮಳೆ ಕೈಕೊಟ್ರೆ, ನನ್ ಹೆಸರು ಹೇಳಿ."

ಪೇಪರಿನಲ್ಲಿ ಹೆಸರು ಬಂದಿಲ್ಲ ಎಂದು ಟೀ ಕುಡಿದ ಮನುಷ್ಯ ಇವರೇನಾ ಎನಿಸಿತು. ಆ ಮಾತನ್ನು ಊರಿನವರು ಬಿಡಲೂ ಇಲ್ಲ. ಮುಂದೆ ಬಹಳ ಕಾಲ ಯಾರ ಹಸು ಮೇವು ಬಿಟ್ಟರೂ ಮೇಷ್ಟ್ರಿಗೆ ಫೋನು ಹೋಗುತ್ತಿತ್ತು. ಒಮ್ಮೆ ಒಂದು ಕರು ಸತ್ತದ್ದಕ್ಕೆ ಅವರನ್ನು ರಸ್ತೆಯಲ್ಲಿ ನಿಲ್ಲಿಸಿ ಬೈದರು. ಕೊಡೆ ಹಿಡಿದು ನಿಂತು ಕೇಳಿಸಿಕೊಂಡರು, ಆಮೇಲೆ ಪಶು ಡಾಕ್ಟರನ್ನು ತಾವೇ ಕರೆದುಕೊಂಡು ಬಂದರು. ಮೇಲಿನವರಿಗೆ ದೂರು ಹೋಯಿತು, ವಿಚಾರಣೆ ನಡೆಯಿತು. ಹೆದರುವುದನ್ನು ಅವರೇನೂ ಬಿಡಲಿಲ್ಲ. ಹೆದರುತ್ತಲೇ ಹೋದರು, ಹೆದರುತ್ತಲೇ ಹೌದು ನಾನೇ ಹೇಳಿದ್ದು ಎಂದರು.

ಅದೆಲ್ಲ ಆಮೇಲಿನದು. ಆ ಸಂಜೆ ನಾನು ನೋಡುತ್ತಿದ್ದದ್ದು ನಾಗಮಣಿಯ ಅಪ್ಪನನ್ನು ಮಾತ್ರ. ಅವನು ಟವಲು ಕೊಡವಿಕೊಂಡು ಹೊರಟುಹೋದ.

ಮಾರನೆಯ ಬೆಳಿಗ್ಗೆ ಯೂನಿಫಾರಂ ಹಾಕಿಕೊಂಡು ಅವಳ ಮನೆಗೆ ಹೋದೆ. ಜಗಲಿಯ ಮೂಲೆಯಲ್ಲಿ ಒಂದು ಚಾಪೆ ಸುತ್ತಿಟ್ಟಿತ್ತು, ಅದರ ಪಕ್ಕ ಪ್ರತ್ಯೇಕ ಲೋಟ. ಆ ದಿನವೇ ಅವಳು ಹೊರಗಾಗಿದ್ದಾಳೆ ಎಂದು ಗೊತ್ತಾಯಿತು. ಬೇರೆ ದಿನವಾಗಿದ್ದರೆ ಸುಲಭವಿತ್ತು. ಅವಳ ಅಪ್ಪ ಕಲ್ಲಿನ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ.

"ಮಾವ, ನಾಗಮಣಿನ ಕಳಿಸ್ತೀರಾ?"

ಅವನು ತಲೆಯೆತ್ತಲಿಲ್ಲ. "ನಿಮ್ ಮೇಷ್ಟ್ರು ಬಂದವ್ರಾ?"

"ಗೊತ್ತಿಲ್ಲ ಮಾವ."

"ಬಾಯಲ್ಲಿ ಒಣೆ ಒರೋದು ಸುಲಭ. ಬಂದು ಗುಡಿ ಮುಂದೆ ನಿಂತವ್ರಾ ನೋಡ್ಕಂಬಾ, ಓಗು. ನಿಂತಿದ್ರೆ ಕಳಿಸ್ತೀನಿ. ಇಲ್ದಿದ್ರೆ ತಿರ್ಗಾ ಈ ಕಡೆ ಬರ್ಬ್ಯಾಡ."

ಓಡಿದೆ. ಗುಂಡ್ಲುಪೇಟೆಯಿಂದ ಎರಡು ಬಸ್ಸು ಬದಲಿಸಿ ಬರುವ ಮನುಷ್ಯ, ಬೆಲ್ಲು ಹೊಡೆಯುವ ಹೊತ್ತಿಗೆ ಬಂದರೆ ಹೆಚ್ಚು. ಬೆಲ್ಲಿಗಿನ್ನೂ ಬಹಳ ಹೊತ್ತಿತ್ತು. ಬಂದಿರಲಾರರು ಎಂದುಕೊಂಡೇ ತಿರುವಿನಲ್ಲಿ ತಿರುಗಿದೆ. ರಸ್ತೆಯ ನಡುಮಧ್ಯದಲ್ಲಿ, ಅಮ್ಮನ ಬಾಗಿಲಿಗೆ ನೇರವಾಗಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದರು. ಎದುರಿನ ಕಟ್ಟೆಯ ಮೇಲೆ ಪೂಜಾರಪ್ಪ, ಇನ್ನೂ ಕೆಲವರು. ನನ್ನನ್ನು ಕಂಡದ್ದೇ ಮೇಷ್ಟ್ರು ತಗ್ಗಿದ ದನಿಯಲ್ಲಿ, "ಕಾಲು ನಡುಗ್ತಾ ಅವೆ ಕಣಮ್ಮಿ, ಬೇಗ ಕರ್ಕಂಬಾ" ಎಂದರು.

ನಾಗಮಣಿ ಬಂದಳು. ಅಪ್ಪ ಬರಲಿಲ್ಲ. ಹಿಂದೆ ಅವಳ ಅವ್ವ, ಸೊಂಟದ ಮೇಲೆ ಬುಟ್ಟಿ, ಅದರಲ್ಲಿ ಆ ಮಸೆದ ಕುಡುಗೋಲು. ಗುಡಿಯ ಗೋಡೆ ಶುರುವಾಗುವಲ್ಲಿ ಅವ್ವ ನಿಂತುಬಿಟ್ಟಳು. ನಾಗಮಣಿಯೂ ನಿಂತಳು. ಕಟ್ಟೆಯ ಮೇಲಿದ್ದವರು ನೋಡುತ್ತಿದ್ದರು. ಮೇಷ್ಟ್ರು ಗುಡಿಗೂ ಅವಳಿಗೂ ನಡುವೆ ಬಂದು ನಿಂತು, "ನಡಿ ಮಗಾ" ಎಂದರು. ನಾಗಮಣಿ ನನ್ನ ಕೈ ಹಿಡಿದಳು, ಬೆರಳು ಮುರಿದುಹೋಗುವಷ್ಟು ಗಟ್ಟಿಯಾಗಿ. ನಡೆದೆವು. ಮೇಷ್ಟ್ರು ಪಕ್ಕದಲ್ಲೇ, ಗುಡಿಯ ಕಡೆಯಿಂದ. ಒಳಗಿನ ದೀಪ ಕಂಡಿತು. ಏನೂ ಆಗಲಿಲ್ಲ. ಶಾಲೆಯ ಗೇಟಿನೊಳಗೆ ಕಾಲಿಟ್ಟ ಮೇಲೆ ಅವಳು ಮೊದಲ ಸಲ ಅತ್ತಳು.

"ಸಾ" ಎಂದು ಹಿಂದಿನಿಂದ ಕರೆದದ್ದು ಅವಳ ಅವ್ವ. ಇನ್ನೂ ಅಲ್ಲೇ, ಗುಡಿಯ ಗೋಡೆಯ ಆಚೆ ನಿಂತಿದ್ದಳು. ಮೇಷ್ಟ್ರ ಮುಂದೆ ಎಂದೂ ತಲೆಯೆತ್ತಿ ಮಾತಾಡಿದವಳಲ್ಲ.

"ನಾನೂ ಒರಗಾಗಿವ್ನಿ ಸಾ. ತೋಟಕ್ಕೆ ಓಗ್ಬೇಕು."

ಅವರ ತೋಟ ಶಾಲೆಯ ಆಚೆಗಿತ್ತು. ಮೇಷ್ಟ್ರು ನಮ್ಮನ್ನು ಬಿಟ್ಟು ವಾಪಸ್ಸು ನಡೆದು ಹೋದರು. "ಬಾ ತಾಯಿ" ಎಂದರು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವರ ಪಕ್ಕ ನಡೆದಳು. ಗುಡಿಯ ಬಾಗಿಲಿಗೆ ನೇರವಾದಾಗ ಒಂದು ಗಳಿಗೆ ನಿಂತು, ಬುಟ್ಟಿ ಇಳಿಸಿ ಅಮ್ಮನಿಗೆ ಕೈಮುಗಿದಳು. ಮತ್ತೆ ಬುಟ್ಟಿ ಎತ್ತಿಕೊಂಡು ನಡೆದು ನಮ್ಮ ಹತ್ತಿರ ಬಂದಳು. ಬಂದವಳು ತಿರುಗಿ, ತಾನು ದಾಟಿದ ರಸ್ತೆಯನ್ನು ನೋಡಿದಳು. ಮದುವೆಯಾಗಿ ಈ ಊರಿಗೆ ಕಾಲಿಟ್ಟಾಗಿನಿಂದ ತಿಂಗಳು ತಿಂಗಳೂ ಕೆರೆ ಏರಿ ಇಳಿದು, ಗದ್ದೆಯ ಕೆಸರಿನಲ್ಲಿ ಸುತ್ತಿ ತೋಟ ಸೇರುತ್ತಿದ್ದವಳು.

"ಇಷ್ಟೇಯಾ ಸಾ?" ಎಂದು ಕೇಳಿದಳು.

ಮೇಷ್ಟ್ರು ತಲೆ ತಗ್ಗಿಸಿ, "ಇಷ್ಟೇ ಕಣವ್ವ" ಎಂದರು.